ಶನಿವಾರದ ಕೋಣೆಯ ಮೇಡಂ

ಅವರು ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತಿದ್ದರು. ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ. ಎದುರು ಕೂತ ಮಗುವಿಗೆ ಅದು ಕಾಣಬಾರದು, ತನ್ನನ್ನು ಯಾರೋ ಅಳೆಯುತ್ತಿದ್ದಾರೆ ಎಂದು ಅನ್ನಿಸಬಾರದು, ಅದಕ್ಕೆ. ಪ್ರಶ್ನೆ ಕೇಳಿದ ಮೇಲೆ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತುಬಿಡುತ್ತಿದ್ದರು. ಕಣ್ಣಿನ ಅಂಚಿನಲ್ಲಿ ಸೆಕೆಂಡಿನ ಮುಳ್ಳನ್ನು ಗಮನಿಸುತ್ತಿದ್ದಾರೆ ಎಂದು ಪಕ್ಕದಲ್ಲೇ ಕೂರುತ್ತಿದ್ದ ನನಗೆ ತಿಳಿಯುವುದಕ್ಕೆ ಎರಡು ತಿಂಗಳು ಬೇಕಾಯಿತು.

ಹೋದ ತಿಂಗಳು ಧಾರವಾಡದಿಂದ ಅವರ ತಂಗಿಯ ಕಾಗದ ಬಂತು. ಮೇಡಂ ನಿವೃತ್ತರಾಗಿ ಊರಿಗೆ ಹಿಂತಿರುಗಿ ಮೂರು ವರ್ಷವಾಗಿತ್ತು. ಅಕ್ಕ ತೀರಿಕೊಂಡರೆಂದೂ, ನನಗೆ ಮರೆಯದೆ ತಿಳಿಸಬೇಕೆಂದು ಮೊದಲೇ ಹೇಳಿಟ್ಟಿದ್ದರೆಂದೂ ನಾಲ್ಕು ಸಾಲಿನಲ್ಲಿ ಬರೆದಿದ್ದರು. ನನಗೇ ಯಾಕೆ ಎಂದು ತಂಗಿಗೆ ಗೊತ್ತಿರಲಾರದು. ನನಗೆ ಗೊತ್ತು. ಕಾಪುವಿನ ಒಬ್ಬ ತಾಯಿಗೆ ನಾನೊಂದು ಮಾತು ಹೇಳಬೇಕಾಗಿತ್ತು. ಹೇಳು ಎಂದು ಮೇಡಂ ಒಂದೇ ಒಂದು ಸಲ ಹೇಳಿದ್ದರು. ಏಳು ವರ್ಷವಾದರೂ ನಾನು ಹೇಳಿರಲಿಲ್ಲ.

ಎಂಬತ್ತರ ಆಸುಪಾಸಿನಲ್ಲಿ ನಾನು ಬಿ.ಎ. ಮುಗಿಸಿ ಉಡುಪಿಯ ಒಂದು ಸೇವಾ ಸಂಘದಲ್ಲಿ ಗುಮಾಸ್ತೆಯಾಗಿ ಸೇರಿದ್ದೆ. ನಮ್ಮದು ಕಾರ್ಕಳದ ಹತ್ತಿರದ ಕ್ರೈಸ್ತ ಮನೆ. ಮನೆಯೊಳಗೆ ಕೊಂಕಣಿ, ಅಂಗಳಕ್ಕಿಳಿದರೆ ತುಳು, ಶಾಲೆಯಲ್ಲಿ ಕನ್ನಡ. ಸಂಘದ ಮಾಳಿಗೆಯ ಒಂದು ಕೋಣೆಯನ್ನು ಶನಿವಾರಗಳಂದು ಮೇಡಂಗೆ ಬಿಟ್ಟುಕೊಟ್ಟಿದ್ದರು. ವಾರವೆಲ್ಲ ಅವರು ಮಣಿಪಾಲದಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದರು. ಶನಿವಾರ ಇಳಕಲ್ ಸೀರೆಯುಟ್ಟು, ಕೊಡೆ ಹಿಡಿದು, ಮಣಿಪಾಲದಿಂದ ಬಸ್ಸಿಳಿದು ಬರುತ್ತಿದ್ದರು. ಜನ ‘ಡಾಕ್ಟ್ರಮ್ಮ’ ಎಂದರೆ ತಡೆದು ತಿದ್ದುತ್ತಿದ್ದರು: “ನಾ ಡಾಕ್ಟರ್ ಅಲ್ರೀ. ಪಾಠಾ ಹೇಳಾಕಿ.”

ಕೋಣೆಗೆ ಬರುತ್ತಿದ್ದವರು ಕ್ಯಾನ್ಸರ್‌ನಿಂದ ಬದುಕಿ ಬಂದ ಮಕ್ಕಳು. ಆಗ ಅಂಥವರು ಬೆರಳೆಣಿಕೆ. ಹೆಚ್ಚಿನವರು ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಾವನದೋ ಚಿಕ್ಕಪ್ಪನದೋ ಆಸರೆ ಹಿಡಿದು ಹೋಗಿ, ಅಲ್ಲಿ ತಿಂಗಳುಗಟ್ಟಲೆ ಇದ್ದು, ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಬಂದವರು. ತಲೆಗೆ ಕಿರಣ ಕೊಟ್ಟಿರುತ್ತಾರೆ, ಬೆನ್ನಿಗೆ ಸೂಜಿ ಚುಚ್ಚಿರುತ್ತಾರೆ. ಜೀವ ಉಳಿಯುತ್ತದೆ, ಕೂದಲು ಮತ್ತೆ ಬರುತ್ತದೆ, ಮನೆಯವರು ಹರಕೆ ತೀರಿಸಿ ಬರುತ್ತಾರೆ. ಆಮೇಲೆ ಕೆಲವು ಮಕ್ಕಳಲ್ಲಿ ಒಂದು ಬದಲಾವಣೆ ಕಾಣುತ್ತದೆ. ಚುರುಕಾಗಿದ್ದವನು ನಿಧಾನವಾಗುತ್ತಾನೆ. ಮೂರು ಕೆಲಸ ಹೇಳಿದರೆ ಒಂದನ್ನು ಮಾಡಿ ನಿಂತುಬಿಡುತ್ತಾನೆ. ಸತ್ತು ಬದುಕಿದ ಮಗುವಿನಲ್ಲಿ ಇದನ್ನು ಹುಡುಕುವುದು ಯಾರಿಗೂ ಬೇಡ. ಮೇಡಂ ಹುಡುಕುತ್ತಿದ್ದರು. “ಜೀವಾ ಉಳೀತು, ಛಲೋ ಆತು. ಇನ್ನ ಆ ಜೀವಾ ಬದುಕೋದು ಹ್ಯಾಂಗ ಅಂತ ಯಾರರ ನೋಡಬೇಕಲ್ಲ” ಎನ್ನುತ್ತಿದ್ದರು.

ಇದು ಶುರುವಾದದ್ದು ಕಾರ್ಕಳದ ಒಬ್ಬ ಹುಡುಗನಿಂದ. ಕಾಯಿಲೆಗೆ ಮೊದಲು ಮಗ್ಗಿಯನ್ನು ತಿರುವುಮುರುವು ಹೇಳುತ್ತಿದ್ದವನು, ಬಂದ ಮೇಲೆ ಸ್ಲೇಟನ್ನು ನೋಡುತ್ತಾ ಕೂರತೊಡಗಿದ. ಮಾಸ್ತರರು ಹೊಡೆದರು. ತಂದೆಯೂ “ಕಾಯಿಲೆ ಹೋಯಿತು, ಉದಾಸೀನ ಉಳಿಯಿತು” ಎಂದರು. ವಿಷಯ ತಿಳಿದು ಮೇಡಂ ಕಾರ್ಕಳಕ್ಕೆ ಹೋಗುವಾಗ ದಾರಿ ತೋರಿಸಲು ನನ್ನನ್ನು ಕರೆದೊಯ್ದರು. ಮಾಸ್ತರರು ಕುರ್ಚಿ ಕೊಟ್ಟು ಕೂರಿಸಿದರೂ ಮಾತನ್ನು ಬಿಟ್ಟುಕೊಡಲಿಲ್ಲ.

“ಹಾಗಾದರೆ ಎಂತ ಮಾಡುವುದು ಮೇಡಂ? ಇವನಿಗೆ ದಿನಾ ಆರತಿ ಎತ್ತಬೇಕಾ?”

“ಆರತಿ ಬ್ಯಾಡ್ರಿ. ಪರೀಕ್ಷಾದಾಗ ಅರ್ಧಾ ತಾಸು ಹೆಚ್ಚಿಗಿ ಕೊಡ್ರಿ. ಅವಗ ಗೊತ್ತದ, ಅದು ಹೊರಗ ಬರಾಕ ಹೊತ್ತು ಬೇಕು. ನೀವು ಹೊಡೆದ್ರ ಇನ್ನಷ್ಟು ಒಳಗ ಹೋಗ್ತದ.”

ಮಾಸ್ತರರು, “ಆ ಅರ್ಧ ಗಂಟೆಯಿಂದ ಇವನು ಪಾಸಾದರೆ ನಾನು ಬೆತ್ತ ಮುರಿದು ಬಚ್ಚಲ ಒಲೆಗೆ ಹಾಕುತ್ತೇನೆ” ಎಂದರು. ಹುಡುಗ ಪಾಸಾದ. ಬೆತ್ತದ ಕತೆ ಏನಾಯಿತೋ ಗೊತ್ತಿಲ್ಲ. ಆದರೆ ಮುಂದಿನ ವರ್ಷ ಆ ಮಾಸ್ತರರೇ ಇನ್ನೊಬ್ಬ ಹುಡುಗಿಯನ್ನು ಕೈಹಿಡಿದು ಕರೆತಂದು ನಮ್ಮ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತಿದ್ದರು.

ಮೇಡಂ ಬಳಿ ಮಕ್ಕಳ ನೆನಪು, ಗ್ರಹಿಕೆ ಅಳೆಯುವ ಹೊರದೇಶದ ಒಂದು ಪರೀಕ್ಷಾ ಪೆಟ್ಟಿಗೆ ಇತ್ತು. ಅದರ ಚಿತ್ರಗಳಲ್ಲಿ ಹಿಮದಲ್ಲಿ ಜಾರುವ ಮಕ್ಕಳು, ಗೋಡೆಯೊಳಗೆ ಉರಿಯುವ ಒಲೆ. ನಮ್ಮ ಮಕ್ಕಳು ಆ ಒಲೆಯನ್ನು ನೋಡಿ ಮನೆಗೆ ಬೆಂಕಿ ಬಿದ್ದಿದೆ ಎನ್ನುತ್ತಿದ್ದರು. ಮೇಡಂ ಆ ಪೆಟ್ಟಿಗೆಯನ್ನು ಮುಚ್ಚಿ ತಮ್ಮದೇ ಚಿತ್ರಗಳನ್ನು ಬರೆಸಿದರು: ಬಸ್ಸು, ದೋಣಿ, ಮಟ್ಟುವಿನ ಗುಳ್ಳ ಬದನೆ ತುಂಬಿದ ಬುಟ್ಟಿ. ಜೋಡಿಸುವ ಬಿಲ್ಲೆಗಳಿಗಾಗಿ ಕಾರ್ಕಳದ ಒಬ್ಬ ಶಿಲ್ಪಿಯನ್ನು ಕೇಳಿದರೆ, ಅವರು ಕಪ್ಪು ಕಲ್ಲಿನಲ್ಲೇ ನುಣುಪಾಗಿ ಕಡೆದು ಕೊಟ್ಟುಬಿಟ್ಟರು. ಎತ್ತಿ ತರುವಾಗ ನನ್ನ ತೋಳು ಸೋತಿತು. “ಇವು ನಮ್ಮ ಕಾಲಾನಂತರವೂ ಇರ್ತಾವ” ಎಂದು ಮೇಡಂ ನಕ್ಕರು. ಅವರು ನಕ್ಕದ್ದು ಕಡಿಮೆ.

ಅವರಿಗೆ ಬರದಿದ್ದದ್ದು ತುಳು. ಕಡಲ ಬದಿಯಿಂದ ಬರುವ ಸಣ್ಣ ಮಕ್ಕಳಿಗೆ ಕನ್ನಡ ಪುಸ್ತಕದ ಭಾಷೆ. ಅದರಲ್ಲೂ ಧಾರವಾಡದ ಕನ್ನಡ ಕೇಳಿದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಹಾಗಾಗಿ ಅವರು ಕೇಳಿದ್ದನ್ನು ಮಗುವಿಗೆ ತುಳುವಿನಲ್ಲೋ ಕೊಂಕಣಿಯಲ್ಲೋ ದಾಟಿಸುವ ಕೆಲಸ ನನ್ನದಾಯಿತು. ಮೊದಲ ದಿನವೇ ನಿಯಮ ಹೇಳಿದ್ದರು: “ನಾ ಒಮ್ಮೆ ಹೇಳಿದ್ದನ್ನ ನೀನೂ ಒಮ್ಮೆನ ಹೇಳು. ನಾ ಹೇಳಿದಷ್ಟ ಜೋರು. ಮಾರಿ ಮ್ಯಾಲೆ ಏನೂ ತೋರಿಸಬ್ಯಾಡ. ನಿನಗ ಮಗು ಮ್ಯಾಲೆ ಕನಿಕರ ಬಂದ್ರ ಅದನ್ನ ಹೊರಗ ಹೋಗಿ ತೋರಿಸು.”

ನಾನು ತಲೆಯಾಡಿಸಿದೆ. ಹಲವು ತಿಂಗಳು ಹಾಗೇ ನಡೆದುಕೊಂಡೆ ಕೂಡ.

ಕಾಪುವಿನ ವಾರಿಜ ಬಂದಾಗ ಅವಳಿಗೆ ಹತ್ತು ವರ್ಷ. ತಲೆಗೆ ವಸ್ತ್ರ ಕಟ್ಟಿಕೊಂಡಿದ್ದಳು. ಅದರಡಿಯಲ್ಲಿ ಹೊಸ ಕೂದಲು ಮರಿಕೋಳಿಯ ಪುಕ್ಕದ ಹಾಗೆ ಎದ್ದಿತ್ತು. ತಂದೆ ಮಲ್ಪೆಯ ಬೋಟಿನಲ್ಲಿ. ತಾಯಿ ಬೆಳಕು ಹರಿಯುವ ಮೊದಲು ಮಲ್ಪೆ ಬಂದರಿನ ಮೀನಿನ ಏಲಂಗೆ ಹೋಗಿ, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವರು. ಮನೆಯಲ್ಲಿ ಓದು ಬಲ್ಲವಳು ವಾರಿಜ ಒಬ್ಬಳೇ. ತಾಯಿ ಬಾಗಿಲ ಬಳಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತು ನನ್ನನ್ನು ಕೇಳಿದರು: “ಬಾಯಿ, ಇದರಲ್ಲಿ ಆಗದಿದ್ದರೆ ಶಾಲೆಯಿಂದ ತೆಗೆಯುತ್ತಾರಾ?” ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಹೀಗೆ ‘ಬಾಯಿ’ ಎಂದೇ ಕರೆಯುವುದು. ಇಲ್ಲ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಐದು ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ಹೇಳುವ ಪರೀಕ್ಷೆ. ಮೇಡಂ ಹೇಳಿದರು. ನಾನು ತುಳುವಿನಲ್ಲಿ ಒಂದೇ ಉಸಿರಿಗೆ ದಾಟಿಸಿದೆ. ವಾರಿಜ “ನಾಲ್, ಒರ್ಂಬ” ಎಂದು ನಾಲ್ಕು, ಒಂಬತ್ತು ಎರಡನ್ನಷ್ಟೇ ಹೇಳಿ ನಿಂತಳು. ಮೇಡಂ ಕಿಟಕಿಯತ್ತ ತಿರುಗಿದ್ದರು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ತುಟಿ ಒಣಗಿತ್ತು. ಬಾಗಿಲ ಬಳಿ ತಾಯಿಯ ಮುಷ್ಟಿ ಬಿಗಿಯಾಯಿತು. ಎಷ್ಟು ನೋವು ತಿಂದು ಬಂದ ಮಗು ಇದು, ಐದು ಅಂಕಿಗಾಗಿ ಮತ್ತೆ ಅಳಿಸುವುದೇ ಎಂದು ನನಗೆ ಅನ್ನಿಸಿತು. ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಹೇಳಿದೆ. ಈ ಸಲ ನಿಧಾನವಾಗಿ, ಎರಡೆರಡಾಗಿ ಒಡೆದು, ಅಂಗನವಾಡಿಯಲ್ಲಿ ಪದ್ಯ ಹೇಳಿಕೊಡುವ ರಾಗದಲ್ಲಿ. ಅವಳು ಹೇಳಿದಳು. ಮುಂದಿನ ಪ್ರಶ್ನೆಗಳಿಗೂ ಹಾಗೇ ಮಾಡಿದೆ. ಎಲ್ಲಿ ತಡವರಿಸಿದಳೋ ಅಲ್ಲಿ ನನ್ನ ದನಿ ಸಣ್ಣ ಕೈ ನೀಡುತ್ತಿತ್ತು. ಎಲ್ಲ ಮುಗಿದಾಗ ತಾಯಿ ಅಲ್ಲೇ ನೆಲಕ್ಕೆ ಕೂತುಬಿಟ್ಟರು.

ಜ್ಞಾಪಕಶಕ್ತಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ ಎಂದು ಮೇಡಂ ಬರೆದರು. ಅದನ್ನು ಅಂದವಾದ ಅಕ್ಷರದಲ್ಲಿ ನಕಲು ಮಾಡಿದವಳು ನಾನು.

ಕಾಯಿಲೆ ಮರುಕಳಿಸದಿರಲು ವಾರಿಜ ಇನ್ನೂ ಎರಡು ವರ್ಷ ಮಾತ್ರೆ ತಿನ್ನಬೇಕಿತ್ತು. ಒಂದು ಬಗೆಯದು ದಿನಕ್ಕೊಮ್ಮೆ. ಇನ್ನೊಂದು ವಾರಕ್ಕೊಮ್ಮೆ, ಭಾನುವಾರ ಮಾತ್ರ. ಎರಡೂ ಹಳದಿ. ಕಾಪುವಿನಲ್ಲಿ ಅವಳನ್ನು ನೋಡುತ್ತಿದ್ದ ಡಾಕ್ಟರರು ಹೆಚ್ಚಾದರೆ ಅಪಾಯವೆಂದು ಅಲ್ಲಿಯವರೆಗೆ ಭಾನುವಾರದ ಮಾತ್ರೆಯನ್ನು ತಮ್ಮಲ್ಲೇ ಇಟ್ಟುಕೊಂಡು ವಾರ ವಾರ ಕರೆಸಿ ಕೊಡುತ್ತಿದ್ದರು. ನಮ್ಮ ಕಾಗದ ನೋಡಿ, ಹುಡುಗಿಗೆ ನೆನಪು ಚೆನ್ನಾಗಿದೆ, ಓದಲೂ ಬರುತ್ತದೆ, ತಾಯಿಯ ಒಂದು ದಿನದ ವ್ಯಾಪಾರ ಯಾಕೆ ಹಾಳು ಎಂದು, ಎರಡು ಬಾಟಲಿಗಳನ್ನೂ ಒಂದು ಚೀಟಿಯನ್ನೂ ಅವಳ ಕೈಗೆ ಕೊಟ್ಟರು.

ಸುಮಾರು ಒಂದು ತಿಂಗಳ ಮೇಲೆ, ಒಂದು ಗುರುವಾರ, ನಾನು ಕಾಪುವಿನ ಅವಳ ಶಾಲೆಗೆ ಹೋದೆ. ಪರೀಕ್ಷೆ ಮಾಡಿದ ಮಕ್ಕಳು ಹೇಗಿದ್ದಾರೆಂದು ವಿಚಾರಿಸಲು ಮೇಡಂ ಹೀಗೆ ಕಳಿಸುತ್ತಿದ್ದರು. ಬಾಯಿಹುಣ್ಣಂತೆ, ನಾಲ್ಕು ದಿನದಿಂದ ಬಂದಿಲ್ಲ ಎಂದರು ಹೆಡ್ ಟೀಚರ್. ಕಡಲ ಬದಿಯ ಮನೆಗೆ ನಡೆದೆ. ತಾಯಿ ಮೀನು ಮಾರಲು ಹೋಗಿದ್ದರು. ವಾರಿಜ ಚಾಪೆಯ ಮೇಲೆ ಮಲಗಿದ್ದಳು. ತುಟಿ ಒಡೆದು ತಲೆದಿಂಬಿಗೆ ರಕ್ತ ಅಂಟಿತ್ತು. ಕಾಲಿನ ತುಂಬ ಸೂಜಿಯಲ್ಲಿ ಚುಚ್ಚಿದಂತೆ ಕೆಂಪು ಚುಕ್ಕೆಗಳು. ಮುಟ್ಟಿದರೆ ಮೈ ಸುಡುತ್ತಿತ್ತು.

ಅವಳು ಕಷ್ಟಪಟ್ಟು ಬಾಯಿ ತೆರೆದು ಹೇಳಿದ ಮೊದಲ ಮಾತು: “ನಾನು ಮಾತ್ರೆ ಬಿಟ್ಟಿಲ್ಲ ಬಾಯಿ. ದಿನಾ ತಿಂದಿದ್ದೇನೆ.”

ಗೋಡೆಯ ಗೂಡಿನಲ್ಲಿ ಎರಡು ಬಾಟಲಿಗಳಿದ್ದವು. ಭಾನುವಾರದ ಬಾಟಲಿಯ ತಳ ಕಾಣುತ್ತಿತ್ತು.

“ಇದು ಭಾನುವಾರದ್ದು ಅಲ್ವಾ ವಾರಿಜ?”

ಅವಳು ಬಹಳ ಹೊತ್ತು ಯೋಚಿಸಿದಳು. “ಇವತ್ತು ಭಾನುವಾರ ಅಲ್ವಾ?” ಎಂದಳು.

ಆಮೇಲಿನದು ನನಗೆ ಈಗಲೂ ಒಂದರ ಹಿಂದೆ ಒಂದಾಗಿ ಬರುವುದಿಲ್ಲ, ತುಂಡುತುಂಡಾಗಿ ಬರುತ್ತದೆ. ನೆರೆಮನೆಯವರಿಗೆ ಕೂಗಿ ಹೇಳಿ, ಬಾಟಲಿಗಳನ್ನು ಸೆರಗಿಗೆ ಕಟ್ಟಿಕೊಂಡು, ಅವಳನ್ನು ಎತ್ತಿಕೊಂಡು ಹೆದ್ದಾರಿಗೆ ಓಡಿದೆ. ಪಡುಬಿದ್ರಿ ಕಡೆಯಿಂದ ಖಾಲಿ ಮೀನಿನ ಲಾರಿಯೊಂದು ಬಂತು. ಡ್ರೈವರು ಇಣುಕಿ ನೋಡಿ, “ಎಂತ ಆಯ್ತು ಬಾಯಿ?” ಎಂದವರು ಉತ್ತರಕ್ಕೆ ಕಾಯದೆ ಬಾಗಿಲು ತೆರೆದರು. ಕಟಪಾಡಿ ದಾಟಿತು. ಉದ್ಯಾವರದ ಸೇತುವೆಯ ಮೇಲೆ ಎದುರಿನ ಬಸ್ಸೊಂದು ಕೆಟ್ಟು ನಿಂತಿತ್ತು. ಮುಂದೆ ಹೋಗಲಾಗದು, ಹಿಂದೆ ವಾಹನಗಳ ಸಾಲು. ಅಲ್ಲಿ ವಾರಿಜಳ ತಲೆ ನನ್ನ ತೋಳಿನಿಂದ ಜಾರಿತು. ಕರೆದರೆ ಮಾತಿಲ್ಲ. ಮೂಗಿನಿಂದ ರಕ್ತ ಇಳಿದು ನನ್ನ ಮೊಣಕೈಯವರೆಗೆ ಬಂದಿತ್ತು. “ಉಸಿರು ಉಂಟಾ ನೋಡಿ” ಎಂದರು ಡ್ರೈವರು. ನನಗೆ ನೋಡುವ ಧೈರ್ಯ ಬರಲಿಲ್ಲ. ಅವರೇ ಕೈ ಚಾಚಿ ಅವಳ ಮೂಗಿನ ಬಳಿ ಬೆರಳು ಹಿಡಿದರು. “ಉಂಟು” ಎಂದರು. ಇಳಿದು ಹೋಗಿ ನಾಲ್ಕು ಜನರನ್ನು ಸೇರಿಸಿ ಬಸ್ಸನ್ನು ಬದಿಗೆ ತಳ್ಳಿಸಿದರು. ಮಲ್ಪೆಗೆ ಹೋಗಬೇಕಾದ ಲಾರಿಯನ್ನು ನೇರ ಮಣಿಪಾಲದ ಆಸ್ಪತ್ರೆಗೆ ಹತ್ತಿಸಿದರು.

ಈಗಲೂ ಬಸ್ಸು ಆ ಸೇತುವೆಗೆ ಬಂದಾಗ ನಾನು ಸೀಟಿನ ಕಂಬಿಯನ್ನು ಹಿಡಿದುಕೊಳ್ಳುತ್ತೇನೆ. ಬಸ್ಸು ನಿಲ್ಲುವುದಿಲ್ಲ, ಕ್ಷಣದಲ್ಲಿ ದಾಟುತ್ತದೆ. ನನ್ನ ಲೆಕ್ಕದಲ್ಲಿ ಮಾತ್ರ ಅದು ಪ್ರತಿ ಸಲವೂ ನಿಂತೇ ನಿಲ್ಲುತ್ತದೆ.

ಆಸ್ಪತ್ರೆಯವರು ಬಾಟಲಿ ನೋಡಿದ ಕೂಡಲೇ ಏನಾಗಿದೆ ಎಂದು ತಿಳಿದುಕೊಂಡರು. ಆ ಮಾತ್ರೆಯ ವಿಷಕ್ಕೆ ಪ್ರತಿಮದ್ದು ಕೊಟ್ಟರು, ರಕ್ತ ಕೊಟ್ಟರು. ಬದುಕುತ್ತಾಳೆ ಎಂದು ಅವರು ಹೇಳುವುದಕ್ಕೆ ಒಂಬತ್ತು ದಿನ ಹಿಡಿಯಿತು. ಒಂಬತ್ತೂ ದಿನ ಮೇಡಂ ಪಾಠ ಮುಗಿಸಿ ಬಂದು ವಾರ್ಡಿನ ಹೊರಗಿನ ಬೆಂಚಿನಲ್ಲಿ ವಾರಿಜಳ ತಾಯಿಯ ಪಕ್ಕ ಕೂರುತ್ತಿದ್ದರು. ಮೇಡಂ ಭಾಷೆ ತಾಯಿಗೆ ಸರಿಯಾಗಿ ಬಾರದು, ತಾಯಿಯ ಭಾಷೆ ಮೇಡಂಗೆ ಬಾರದು. ಸುಮ್ಮನೆ ಕೂರುತ್ತಿದ್ದರು.

ಹತ್ತನೆಯ ದಿನ ಮೇಡಂ ನನ್ನನ್ನು ವೆರಾಂಡದ ತುದಿಗೆ ಕರೆದರು.

“ಅವತ್ತ ಆ ಹುಡುಗಿಗೆ ನೀ ಹ್ಯಾಂಗ ಹೇಳಿದಿ?”

ಎಲ್ಲವನ್ನೂ ಹೇಳಿದೆ. ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

“ನನಗ ತುಳು ತಿಳಿಯಂಗಿಲ್ಲ. ಕಿವಿ ಇದ್ದಾವಲ್ಲ. ನಾ ಒಮ್ಮೆ ಹೇಳಿದ್ದು, ನೀ ಎರಡ ಸಲ ಹೇಳಿದಿ. ಕೇಳಿಸ್ತು. ಅಕಿ ಪಾಸಾಗಲಿ ಅಂತ ನನಗೂ ಅನಿಸಿತ್ತೋ ಏನೋ, ಸುಮ್ಮನಾದೆ.” ಚೀಲದಿಂದ ವಾರಿಜಳ ಹಾಳೆಯನ್ನು ತೆಗೆದರು. ಹರಿಯಲಿಲ್ಲ, ಹೊಡೆದು ಹಾಕಲೂ ಇಲ್ಲ. ಕೆಳಗೆ ‘ಈ ಫಲಿತಾಂಶ ಸರಿಯಿಲ್ಲ. ತಪ್ಪು ಪರೀಕ್ಷೆ ಮಾಡಿದವರದು, ಮಗುವಿನದಲ್ಲ’ ಎಂದು ಬರೆದು ಸಹಿ ಹಾಕಿದರು. ಕಾಪುವಿನ ಡಾಕ್ಟರರಿಗೆ ತಾವೇ ಹೋಗಿ ತಿಳಿಸಿದರು. ನನಗೆ ಇಷ್ಟೇ ಹೇಳಿದರು: “ನನ್ನ ಪಾಲಿಂದು ನಾ ಬರದೀನಿ. ಅವರ ಅವ್ವಗ ನಿನ್ನ ಪಾಲಿಂದು ನೀನ ಹೇಳಬೇಕು. ಯಾವಾಗ ಅಂತ ನಾ ಕೇಳಂಗಿಲ್ಲ.”

ಅವರು ಮತ್ತೆ ಎಂದೂ ಕೇಳಲಿಲ್ಲ.

ಐವತ್ತು ದಾಟಿದ ಮೇಲೆ ಅವರು ತುಳು ಕಲಿತರು. ಬಸ್ಸಿನ ಕಂಡಕ್ಟರರಿಂದ, ಹೂ ಮಾರುವವರಿಂದ, ಕೋಣೆಯ ಹೊರಗೆ ಕಾಯುವ ತಾಯಂದಿರಿಂದ. ಅವರ ತುಳುವಿನಲ್ಲೂ ಧಾರವಾಡ ಇತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. “ನಗಲಿ ಬಿಡು. ನಕ್ಕ ಮಗು ಹೆದರಿರಂಗಿಲ್ಲ” ಎನ್ನುತ್ತಿದ್ದರು. ವರ್ಷದೊಳಗೆ ದಾಟಿಸುವವರ ಅಗತ್ಯವೇ ಇಲ್ಲವಾಯಿತು. ನನ್ನನ್ನು ಬಿಡಲಿಲ್ಲ, ಪಕ್ಕದಲ್ಲಿ ಕೂತು ಉತ್ತರ ಬರೆದುಕೊಳ್ಳುವ ಕೆಲಸ ಕೊಟ್ಟರು. ಮಾತ್ರೆಗಳಿಗಾಗಿ ಏಳು ಜೇಬಿನ ಒಂದು ಬಟ್ಟೆಪಟ್ಟಿಯನ್ನು ನನ್ನಿಂದ ಹೊಲಿಸಿದರು. ಭಾನುವಾರದ ಜೇಬು ಮಾತ್ರ ಕೆಂಪು. ಪ್ರತಿ ಶನಿವಾರ ಅದನ್ನು ತಾವೇ ತುಂಬಿಸಿ ವಾರಿಜಳ ತಾಯಿಯ ಕೈಗೆ ಕೊಡುತ್ತಿದ್ದರು.

ವಾರಿಜ ಚೇತರಿಸಿಕೊಂಡ ಮೇಲೆ ಮತ್ತೆ ಪರೀಕ್ಷೆ ಮಾಡಿದರು. ಮೇಡಂಗೆ ಆಗಿನ್ನೂ ತುಳು ಬರುತ್ತಿರಲಿಲ್ಲ. ಬೇರೆಯವರನ್ನು ಕರೆಸಿ ಎಂದು ನಾನು ಬೇಡಿಕೊಂಡರೂ, ನೀನೇ ದಾಟಿಸಬೇಕೆಂದರು. ಒಂದೇ ಸಲ ಹೇಳಿದೆ. ಅವಳು ಮೂರು ಅಂಕಿ ಹೇಳಿ ನನ್ನ ಮುಖ ನೋಡಿದಳು. ನಾನು ಮೇಜನ್ನು ನೋಡುತ್ತಿದ್ದೆ. ಆ ಮೌನದಷ್ಟು ಕಷ್ಟದ ಕೆಲಸವನ್ನು ಅದಕ್ಕಿಂತ ಮೊದಲು ನಾನು ಮಾಡಿರಲಿಲ್ಲ. ಮೇಡಂ ನಿಜವಾದ ಫಲಿತಾಂಶ ಬರೆದುಕೊಂಡು ಶಾಲೆಗೆ ಹೋದರು. ಮುಂದಿನ ಬೆಂಚು, ಒಂದು ಸಲಕ್ಕೆ ಒಂದೇ ಮಾತು, ಬರೆಯಲು ಹೆಚ್ಚು ಹೊತ್ತು. ಯಾರೂ ಅವಳನ್ನು ಶಾಲೆಯಿಂದ ತೆಗೆಯಲಿಲ್ಲ. ವಾರಿಜ ಏಳನೆಯ ತರಗತಿಯನ್ನು ಮುಗಿಸಿದಳು.

ಮೇಡಂ ಊರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಇವತ್ತಾದರೂ ಕೇಳುತ್ತಾರೆ ಎಂದುಕೊಂಡೆ. ಆರೋಗ್ಯ ನೋಡಿಕೋ ಎಂದರು, ಬಸ್ಸು ಹತ್ತಿದರು. ಅವರು ಬಿಗಿಯಾಗಿ ಕೇಳಿದ್ದರೆ ನಾನು ಯಾವಾಗಲೋ ಹೇಳಿ ಮುಗಿಸಿರುತ್ತಿದ್ದೆ, ಅಥವಾ ಏನಾದರೂ ಸುಳ್ಳು ಹೇಳಿ ತಪ್ಪಿಸಿಕೊಂಡಿರುತ್ತಿದ್ದೆ. ಅವರು ಎರಡಕ್ಕೂ ಎಡೆ ಕೊಡಲಿಲ್ಲ.

ಕಾಗದ ಬಂದ ಮರುವಾರ ಕಾಪುವಿಗೆ ಹೋದೆ. ವಾರಿಜಳಿಗೆ ಈಗ ಹದಿನೇಳು. ಜಗಲಿಯಲ್ಲಿ ಕೂತು ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿಗೆ ಕಟ್ಟುತ್ತಿದ್ದಳು. ನಿಧಾನ, ಆದರೆ ಗಂಟುಗಳೆಲ್ಲ ಒಂದೇ ಅಂತರ. “ಅಮ್ಮ ಹಿಂದೆ ಇದ್ದಾರೆ” ಎಂದಳು. ತಾಯಿ ಬಾವಿಕಟ್ಟೆಯ ಬಳಿ ಮೀನಿನ ಬುಟ್ಟಿ ತೊಳೆಯುತ್ತಿದ್ದರು. ಮೇಡಂ ತೀರಿಕೊಂಡ ಸುದ್ದಿ ಹೇಳಿದೆ. ಅವರು ಕೈ ನಿಲ್ಲಿಸಿದರು. ನಾನು ನಿಂತಲ್ಲೇ ನಿಂತು, ಅಂಕಿಗಳನ್ನು ಎರಡು ಸಲ ಹೇಳಿದ್ದು, ಒಡೆದು ಹೇಳಿದ್ದು, ಕಾಗದದಲ್ಲಿ ಬರೆದದ್ದು ಸುಳ್ಳಾಗಿದ್ದು, ಆ ಸುಳ್ಳನ್ನು ನಂಬಿ ಡಾಕ್ಟರರು ಬಾಟಲಿ ಕೊಟ್ಟದ್ದು, ಎಲ್ಲವನ್ನೂ ತುಳುವಿನಲ್ಲಿ ಹೇಳಿದೆ.

ಅವರು ಬುಟ್ಟಿಯನ್ನು ಕವುಚಿ ಹಾಕಿ ಅದರ ಪಕ್ಕದಲ್ಲಿ ಕೂತರು.

“ನಾನು ನೋಡಿದ್ದೆ ಬಾಯಿ. ಅವಳು ಆ ಮಾತ್ರೆ ತಿನ್ನುವುದನ್ನು ನೋಡಿದ್ದೆ. ವಾರಕ್ಕೆ ಒಂದೇ ಅಂತ ಡಾಕ್ಟ್ರು ಹೇಳಿದ್ದು ನನಗೆ ನೆನಪಿತ್ತು. ಸೋಮವಾರವೂ ತಿಂದಳು, ಮಂಗಳವಾರವೂ ತಿಂದಳು. ಕೇಳಿದೆ. ಚೀಟಿಯಲ್ಲಿ ಹಾಗೇ ಉಂಟು ಅಂದಳು. ನನಗೆ ಓದಲಿಕ್ಕೆ ಬರುತ್ತದಾ? ಅವಳಿಗೆ ನೆನಪು ಚೆನ್ನಾಗಿ ಉಂಟು ಅಂತ ನೀವು ಬರೆದುಕೊಟ್ಟಿದ್ದಿರಿ. ಹಾಗಾದರೆ ತಪ್ಪಿದ್ದು ನನ್ನ ನೆನಪೇ ಅಂತ ಸುಮ್ಮನಾದೆ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ, ಇವಳ ಅಪ್ಪನಿಗೂ.”

“ನಿಮ್ಮ ನೆನಪು ಸರಿಯಿತ್ತು” ಎಂದೆ.

ಅವರು ನನ್ನತ್ತ ನೋಡಿದರು. “ಇನ್ನೊಮ್ಮೆ ಹೇಳಿ” ಎಂದರು.

ಇನ್ನೊಮ್ಮೆ ಹೇಳಿದೆ.